ಪಟೇಲರ ಮನೆ ಮುಂದೆ ಸೈಕಲ್ಲು

ಅಪ್ಪಾ, ನೀನು ಹೋಗಿ ವರ್ಷ ಆಯ್ತು, ನಿನ್ ನಂಬರ್ ಈಗ ಯಾರ ಹತ್ರ ಇದ್ಯೋ. ಈ ವಾಯ್ಸ್ ನೋಟ್ ಕಳಿಸಲ್ಲ, ಸುಮ್ನೆ ಮಾತಾಡ್ತೀನಿ. ಬ್ಯಾಂಕಿನವರು ಎರ್ನಾಕುಲಂನಿಂದ ತಿರುವನಂತಪುರಕ್ಕೆ ವರ್ಗ ಮಾಡಿದ್ರೂ ಮನಸ್ಸು ನಿಲ್ತಿಲ್ಲ.

ಇವತ್ತು ನಮ್ ಬ್ಯಾಂಕಿನ ಲತಿಕ ಚೇಚಿ, ಅಂದ್ರೆ ಲತಿಕಕ್ಕ, ಅವರ ಸ್ಕೂಟರ್ ಹಿಂದೆ ಕೂತಿದ್ದೆ. ವೆಳ್ಳಯಂಬಲಂ ಸರ್ಕಲ್‌ನಲ್ಲಿ ಅಯ್ಯಂಕಾಳಿ ಪ್ರತಿಮೆ ತೋರಿಸಿದ್ರು.

"ನೋಡು ಮೋಳೆ, ನೋಡು ಮಗಳೇ, ಆಗ ನಮ್ ಜಾತಿಯವರು ರಸ್ತೇಲಿ ನಡೆಯೋ ಹಾಗೇ ಇರ್ಲಿಲ್ಲ. ಇವರು ಎತ್ತಿನಗಾಡಿ ಕೊಂಡು, ರುಮಾಲು ಸುತ್ಕೊಂಡು, ಅದೇ ರಸ್ತೇಲಿ ಹೋದ್ರು. ಅದಕ್ಕೇ ಇವತ್ತು ನಾನು ಗಾಡಿ ಓಡಿಸ್ತಿರೋದು, ಗಟ್ಟಿಯಾಗಿ ಹಿಡ್ಕೋ!" ಅಂತ ನಕ್ಕು, "ನಿಮ್ಮೂರಲ್ಲಿ ಹಿಂಗೆ ಯಾರಿದ್ರು?" ಅಂದ್ರು.

ಯಾರೂ ಇರ್ಲಿಲ್ಲ ಅಂದ್ಬಿಟ್ಟೆ.

ಆಮೇಲೆ ರೂಮಿಗೆ ಬಂದು ಕೂತಾಗ ನಿನ್ ಸೈಕಲ್ ನೆನಪಾಯ್ತು. ಪಟೇಲರ ಮನೆ ಬಂದ್ರೆ ಸಾಕು, ನೀನು ಇಳಿದು ತಳ್ಕೊಂಡು ಹೋಗ್ತಿದ್ದೆ. ಹೈಸ್ಕೂಲಿಗೆ ಬಂದ್ಮೇಲೆ ನಾನು ನಿನ್ನ ಪುಕ್ಕಲ ಅಂತ ಎಲ್ಲರೆದುರಿಗೇ ಬೈದೆ, ನಿನ್ ಜೊತೆ ಬರೋದನ್ನೇ ಬಿಟ್ಟೆ.

ಆದ್ರೆ ಹಿಂದಿನ ಸೀಟಿಂದ ನನ್ನ ಒಂದು ದಿನಾನೂ ಇಳಿಸ್ಲಿಲ್ಲ ನೀನು. ಪಟೇಲರು ಜಗಲಿ ಮೇಲಿಂದ, "ಏಯ್, ಅವಳನ್ನೂ ಇಳ್ಸೋ" ಅಂತ ಗದರಿಸಿದಾಗೆಲ್ಲ, "ಮಗೀಗೆ ಕಾಲು ನೋವು ಬುದ್ಧಿ" ಅಂತಿದ್ದೆ.

ನಂಗೆ ಯಾವತ್ತೂ ಕಾಲು ನೋವಿರ್ಲಿಲ್ವಲ್ಲಪ್ಪಾ.