ಹೊಸ್ತಿಲಿನ ತಗ್ಗು

ಶಿರಾಳಕೊಪ್ಪ
೧೧ ಫೆಬ್ರವರಿ ೨೦೨೫, ಮಂಗಳವಾರ

ಅವ್ವಾ,

ನಿನ್ನ ಮಗ ಚನ್ನೇಶ ಮಾಡುವ ಶರಣು. ಹೇಗಿದ್ದೀ? ಮಂಡಿಗೆ ಹಚ್ಚುವ ಎಣ್ಣೆ ಇಷ್ಟರಲ್ಲಿ ತಳ ಕಂಡಿರಬೇಕು. ಈ ಕಾಗದದ ಜೊತೆ ಎರಡು ಸೀಸೆ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಉಳವಿಯಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ ಎಂದು ತಂಗಿ ರಮ್ಯ ಹೇಳಿದಳು, ತಣ್ಣೀರಿಗೆ ಕೈ ಹಾಕಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಹೋದ ವಾರ ಫೋನಿನಲ್ಲಿ ‘ಯಾವಾಗ ಬರ್ತೀಯವ್ವಾ’ ಎಂದು ಮೂರು ಸಲ ಕೇಳಿದೆ, ಮೂರು ಸಲವೂ ನೀನು ‘ಊಟ ಆತಪ್ಪ’ ಎಂದೆ. ಕಿವಿ ಕೇಳಲಿಲ್ಲವೋ, ಕೇಳಿಸಿಕೊಳ್ಳುವ ಮನಸ್ಸಿಲ್ಲವೋ ಗೊತ್ತಾಗಲಿಲ್ಲ. ಕಾಗದಕ್ಕಾದರೆ ಹಾಗೆ ಉತ್ತರ ಕೊಡಲು ಬರುವುದಿಲ್ಲ. ಅಶ್ವಿನಿ ಓದಿ ಹೇಳಲಿ. ಅಶ್ವಿನೀ, ಮಾವನ ಅಕ್ಷರ ನೋಡಿ ನಗಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈ ಇದು. ಅಜ್ಜಿಗೆ ಗಟ್ಟಿಯಾಗಿ ಓದು, ಎಲ್ಲೂ ಹಾರಿಸಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಸೊಸೆ ಸುಮಾ ಚೆನ್ನಾಗಿದ್ದಾಳೆ, ಆದರೆ ನಾಲ್ಕು ದಿನದಿಂದ ಬೆಳಗಾದರೆ ನನ್ನ ಮೇಲೆ ಎಗರುತ್ತಾಳೆ. ಕಾರಣ ಆಮೇಲೆ ಹೇಳುತ್ತೇನೆ. ಶಿಕಾರಿಪುರದ ಶಾಂತವೀರಪ್ಪನವರು ಲಾಡ್ಜ್ ಕಟ್ಟುತ್ತಿದ್ದಾರೆ, ಒಳಗಿನ ಕೆಲಸ ನನಗೆ ಬಂದಿದೆ. ಇಂಟೀರಿಯರ್ ಡಿಸೈನರ್ ಎಂದು ಬೋರ್ಡು ಹಾಕಿಕೊಂಡು ಹನ್ನೊಂದು ವರ್ಷವಾಯಿತು. ಮೊದಲು ಪ್ಲೈವುಡ್ ಹೊತ್ತೆ, ಆಮೇಲೆ ಪ್ಲೈವುಡ್ ಕೊಯ್ದೆ, ಈಗ ಪ್ಲೈವುಡ್ ಎಲ್ಲಿ ಹೊಡೆಯಬೇಕೆಂದು ಬೆರಳು ತೋರಿಸುವಷ್ಟು ದೊಡ್ಡವನಾಗಿದ್ದೇನೆ. ಶಾಂತವೀರಪ್ಪನವರು ಮಾತ್ರ ಆ ಬೆರಳಿಗೆ ಕೆಲಸ ಕೊಡಲಿಲ್ಲ. “ಎಲ್ಲಾ ಲಾಡ್ಜೂ ಒಂದೇ ನಮೂನಿ ಅದಾವು ಚನ್ನೇಶಣ್ಣ. ಬಾಗಿಲು ದಾಟ್ತಿದ್ದಂಗೆ ಬಳ್ಳಿಗಾವಿ ಕಾಣಬೇಕು. ಮೊಬೈಲ್‌ನಾಗೆ ನೋಡಿ ಮಾಡಬ್ಯಾಡ, ಹೋಗಿ ಅಳತೆ ತಗಂಡು ಬಾ” ಎಂದರು. ನಗು ಬಂತು. ನಮ್ಮ ಮನೆಯಿಂದ ಬೈಕಿನಲ್ಲಿ ಹೊರಟರೆ ಎಲೆ ಅಡಿಕೆ ಬಾಯಲ್ಲಿ ಮುಗಿಯುವುದರೊಳಗೆ ಬಳ್ಳಿಗಾವಿ. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಪಟ್ಟಣಕ್ಕೆ ನಾನು ಐವತ್ತೊಂದು ವರ್ಷದಲ್ಲಿ ಹೋದದ್ದು ಎರಡು ಸಲ, ಅದರಲ್ಲಿ ಒಂದು ಸಲ ಬೈಕು ಪಂಕ್ಚರ್ ಆಗಿ.

ಈ ಪ್ರವಾಸಕ್ಕೆಂದು ಹೊಸ ಪುಸ್ತಕ ತೆಗೆದೆ. ನನ್ನ ಪದ್ಧತಿ ನಿನಗೆ ಗೊತ್ತು: ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ತಿಳಿದದ್ದು. ಕೇದಾರೇಶ್ವರನ ಗುಡಿಯೊಳಗೆ ಕಾಲಿಟ್ಟೆ. ಕಂಬಗಳು ಈಗ ತಾನೇ ಎಣ್ಣೆ ಉಜ್ಜಿದ ಹಾಗಿವೆ ಅವ್ವಾ, ಎದುರು ನಿಂತರೆ ನನ್ನ ಅಂಗಿಯ ಬಣ್ಣ ಅದರಲ್ಲಿ ಕಾಣುತ್ತದೆ. ಕಲ್ಲನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಪಕ್ಕಪಕ್ಕದ ಎರಡು ಕಂಬ ಅವಳಿ ಮಕ್ಕಳ ಹಾಗೆ ಕಂಡವು. ಕಣ್ಣಲ್ಲೇ ಅಳೆದೆ, ಸಮ. ಟೇಪು ಹಿಡಿದೆ, ಒಂದರ ಕೆತ್ತನೆಯ ಪಟ್ಟಿ ಇನ್ನೊಂದಕ್ಕಿಂತ ಒಂದು ಬೆರಳು ಕೆಳಗಿತ್ತು. ಮತ್ತೆ ಅಳೆದೆ, ಮತ್ತೆ ಅಷ್ಟೇ. ನಮ್ಮ ಕೆಲಸದಲ್ಲಿ ಅಷ್ಟು ವ್ಯತ್ಯಾಸ ಬಂದರೆ ಗಿರಾಕಿ ಕಿತ್ತು ಹಾಕಿಸುತ್ತಾನೆ. ಎರಡರಲ್ಲಿ ಯಾವುದು ಸರಿ ಎಂದು ಬರೆಯುವುದು? ಅಷ್ಟರಲ್ಲಿ ಕಾವಲಿನ ಹುಲಿಯಪ್ಪ ಬಂದ. “ರೀ, ಟೇಪು ಮಡಚ್ರಿ. ಯಾವ ಕಂಬ ತಪ್ಪು ಅಂತ ಬರಕಂತಿದೀರಿ? ಒಂಬೈನೂರು ವರ್ಷದಿಂದ ಒಬ್ಬನೂ ಕಂಪ್ಲೇಂಟ್ ಕೊಟ್ಟಿಲ್ಲ, ನೀವೇ ಫಸ್ಟು” ಎಂದ. ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಎಡಪುಟ ತುಂಬಿತ್ತು, ಬಲಪುಟ ಬಿಳಿ ಇತ್ತು.

ಅಲ್ಲಿ ಕೂತಾಗ ನಿನ್ನ ನೆನಪು ಬಂತು, ಸುಳ್ಳು ಹೇಳುವುದಿಲ್ಲ. ಅದೂ ಒಂದು ಬಗೆಹರಿಯದ ಬಾಬ್ತು. ಮನೆಯನ್ನು ನಿನಗೋಸ್ಕರವೇ ಹೊಸದು ಮಾಡಿದ್ದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ, ಕಾಲು ಜಾರದ ಟೈಲ್ಸ್ ಹಾಕಿಸಿದೆ, ಮಂಚದ ಪಕ್ಕದಲ್ಲೇ ದೀಪದ ಸ್ವಿಚ್ಚು, ದೇವರ ಮಾಡಕ್ಕೆ ಗಾಜಿನ ಬಾಗಿಲು. ಅಪ್ಪ ಮಾಡಿದ ಬಾಗಿಲು ಮೂಲೆಮಟ್ಟಕ್ಕೆ ಕೂರುತ್ತಿರಲಿಲ್ಲ, ಹೊಸ್ತಿಲು ಒಂದು ಕಡೆ ತಗ್ಗಿತ್ತು, ಅದನ್ನು ಕಿತ್ತು ಗ್ರಾನೈಟ್ ಹೊಸ್ತಿಲು ಕೂರಿಸಿದೆ. ಮಟ್ಟಗೋಲು ಇಟ್ಟರೆ ಅದರೊಳಗಿನ ಗುಳ್ಳೆ ಅಲ್ಲಾಡದೆ ನಡುವೆ ನಿಲ್ಲುತ್ತಿತ್ತು. ಇಷ್ಟು ಮಾಡಿದ ಮೇಲೆ ನೀನು ಇದ್ದದ್ದು ಹನ್ನೆರಡೇ ದಿನ. ರಮ್ಯನ ಮನೆಗೆ ನಾಲ್ಕು ದಿನಕ್ಕೆಂದು ಹೋದವಳು ಒಂಬತ್ತು ತಿಂಗಳಾಯಿತು. ಯಾಕೆ ಎಂದರೆ ‘ನಿನ್ನ ಮನೆ ಚಂದ ಐತಪ್ಪ’ ಅನ್ನುತ್ತೀ. ಮನೆ ಹೊಕ್ಕ ದಿನ ಹಾಲು ಚೆಲ್ಲಿದ್ದು ಒಂದು ಬಿಟ್ಟರೆ ನನ್ನ ಲೆಕ್ಕದಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ಅದೂ ನನ್ನ ತಪ್ಪಿನ ಬಾಬ್ತಿನಲ್ಲಿ ಇರಲಿಲ್ಲ.

ಕಥೆ ಎಲ್ಲಿಗೋ ಹೋಯಿತು. ಮರುದಿನ ಸೊರಬಕ್ಕೆ ಹೋದೆ. ಕಲ್ಲಿನ ಕೆಲಸವನ್ನು ಮರದಲ್ಲಿ ತೆಗೆಯಬೇಕೆಂದರೆ ಗುಡಿಗಾರರೇ ಬೇಕು. ಶ್ರೀಗಂಧದ ಕೆತ್ತನೆ ಮಾಡಿಕೊಂಡು ಬಂದ ಮನೆತನ ದೇವರಾಜ ಗುಡಿಗಾರರದು, ವಯಸ್ಸು ಎಪ್ಪತ್ತು ದಾಟಿದೆ. ನೆಲದ ಮೇಲೆ ಕೂತು, ಮರದ ತುಂಡನ್ನು ಎರಡು ಪಾದದ ನಡುವೆ ಹಿಡಿದು ಕೆತ್ತುತ್ತಾರೆ. ನನ್ನ ಪುಸ್ತಕ ತೆರೆದು ಗತ್ತಿನಿಂದ ಅಳತೆ ಓದಿದೆ. ತಲೆ ಎತ್ತದೆ “ಯಾರಿಗೆ?” ಎಂದರು. ಲಾಡ್ಜಿಗೆ ಎಂದೆ. “ಲಾಡ್ಜಲ್ಲಿ ಯಾರಿಗೆ?” ಬಂದವರಿಗೆ ಎಂದೆ. “ಬಂದವರೆಲ್ಲ ಒಂದೇ ಎತ್ತರ ಇರ್ತಾರಾ ಮಾರಾಯ್ರೆ?” ಎಂದು ಉಳಿಯ ತುದಿಯನ್ನು ಊದಿದರು. ನನಗೆ ರೇಗಿತು. ಕಂಬಕ್ಕೆ ಎತ್ತರ ಕೇಳಿದರೆ ಕಂಬದ ಎತ್ತರ ಹೇಳಬೇಕೋ, ಗಿರಾಕಿಯದೋ? ಕೊನೆಗೆ ಕೆಲಸ ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ: “ಹೊಸ ಮರ ಸೀಳ್ತದೆ. ಐವತ್ತು ಮಳೆಗಾಲ ಕಂಡ ತೇಗ ತನ್ನಿ.”

ಹಳೆಯ ತೇಗ ಅಂದರೆ ಆನವಟ್ಟಿಯ ಬಂಗಾರಪ್ಪನ ಶೆಡ್ಡು. ಬಿಚ್ಚಿದ ಮನೆಗಳ ಬಾಗಿಲು, ತೊಲೆ, ಕಿಟಕಿಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಆರಿಸುತ್ತಾ ಹೋದೆ. ಗೋಡೆಗೆ ಒರಗಿಸಿದ ಒಂದು ಚೌಕಟ್ಟಿನ ಹಿಂಬದಿಯಲ್ಲಿ ಎರಡು ಅಡ್ಡಗೆರೆ ಕಂಡವು. ಕೆಲಸ ಮುಗಿಸಿದ ಮೇಲೆ ಉಳಿಯಿಂದ ಆ ಎರಡು ಗೆರೆ ಎಳೆಯದೆ ಅಪ್ಪ ಬೀಡಿ ಹಚ್ಚುತ್ತಿರಲಿಲ್ಲ, ನೆನಪಿದೆಯಲ್ಲ? ನಾನು ಲಾರಿಯವನ ಕೈಯಲ್ಲಿ ಕಳಿಸಿದ್ದ ನಮ್ಮ ಮನೆಯ ಬಾಗಿಲೇ ಅದು. ಬಂಗಾರಪ್ಪನಿಗೆ ಯಾರ ಮನೆಯದೆಂದು ಗೊತ್ತಿಲ್ಲ. “ಅದೊಂದು ಬಿಟ್ಟು ಯಾವುದಾದ್ರೂ ತಗಳಿ ಸರ್. ಅದು ಸೊಟ್ಟ. ಇಬ್ರು ತಗಂಡು ಹೋಗಿ ವಾಪಸ್ ತಂದು ಹಾಕಿದ್ರು. ಯಾವನೋ ಕುಡ್ದು ಮಾಡಿದ್ದು” ಎಂದ. ಅಪ್ಪ ಜೀವಮಾನದಲ್ಲಿ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ‘ಸೊಟ್ಟ ಐತಿ, ಸೌದೆಗಾದ್ರೂ ಹಾಕ್ಕೊಳ್ಳಲಿ’ ಎಂದು ಲಾರಿಯವನಿಗೆ ಹೇಳಿ ಕಳಿಸಿದವನು ನಾನೇ. ಸುಮ್ಮನೆ ಅದನ್ನೂ ಗಾಡಿಗೆ ಹಾಕಿಸಿದೆ. ಯಾಕೆ ಹಾಕಿಸಿದೆ ಎಂದು ಕೇಳಬೇಡ, ಲಾಡ್ಜಿನ ಪಟ್ಟಿಯಲ್ಲಿ ಬಾಗಿಲು ಇರಲಿಲ್ಲ.

ಗಾಡಿ ಸೊರಬ ಮುಟ್ಟಿದಾಗ ದೇವರಾಜರು ಬೇರೆ ಮರ ನೋಡಲೇ ಇಲ್ಲ. ಮೊದಲು ಆ ಚೌಕಟ್ಟನ್ನೇ ನೆಲಕ್ಕೆ ಮಲಗಿಸಿದರು. ಹೊಸ್ತಿಲ ತಗ್ಗಿನಲ್ಲಿ ಕೈ ಆಡಿಸಿದರು. ನಮ್ಮ ಮನೆಯದೇ, ಸವೆದು ತಗ್ಗಾಗಿದೆ, ಕೊಯ್ದು ಬಿಡೋಣ ಎಂದೆ. “ಎಂತ ಸವೆದದ್ದು? ಸವೆದ್ರೆ ಬೆಲ್ಲದ ಅಚ್ಚು ಕರಗಿದಂಗೆ ಅಂಚು ಹೋಗ್ತದೆ. ಇಲ್ನೋಡಿ, ಉಳಿ ನಿಂತ ಜಾಗ. ಇದು ಬೇಕಂತಲೇ ಇಳಿಸಿದ್ದು, ಒಂದು ಹೆಜ್ಜೆ ಅಗಲಕ್ಕೆ” ಎಂದರು. ಆಮೇಲೆ ಪಕ್ಕದ ನಿಲುಗಂಬದ ಮೇಲೆ, ಎತ್ತಿ ನಿಲ್ಲಿಸಿದರೆ ನನ್ನ ಎದೆಗಿಂತ ಕೆಳಗೆ ಬರುವಲ್ಲಿ, ಗಾಜಿನ ಹಾಗೆ ನುಣ್ಣಗಾಗಿದ್ದ ಒಂದು ಅಂಗೈ ಜಾಗ ತೋರಿಸಿದರು. “ಇದು ಮಾತ್ರ ಸವೆದದ್ದು. ಇಲ್ಲಿ ಕೈ ಊರಿ, ಅಲ್ಲಿ ಕಾಲು ಎತ್ತಿ ದಾಟಿದಾರೆ, ದಿನಾ. ನಿಮ್ಮನೇಲಿ ಕಾಲು ಏಳದಿದ್ದವ್ರು ಯಾರು?”

ಚಿಕ್ಕಂದಿನ ಜ್ವರದಲ್ಲಿ ನಿನ್ನ ಎಡಗಾಲು ಸೊರಗಿತು ಎಂದು ನಮಗೆಲ್ಲ ಗೊತ್ತಿತ್ತು ಅವ್ವಾ. ಮದುವೆ ಮನೆಗಳಲ್ಲಿ ನೀನು ಎಳೆದು ನಡೆಯುವುದನ್ನು ನೋಡಿದ್ದೇನೆ. ಆದರೆ ಅಪ್ಪನ ಬಾಗಿಲು ಇದ್ದಷ್ಟು ದಿನ ನಮ್ಮ ಮನೆಯಲ್ಲಿ ನೀನು ಎಡವಿದ್ದು ನೆನಪೇ ಇಲ್ಲ. ಮನೆಯಲ್ಲಿ ಕಾಲು ಸರಿಯಿರುತ್ತದೆ, ಹೊರಗೆ ಹೋದರೆ ನೋಯುತ್ತದೆ ಎಂದುಕೊಂಡಿದ್ದೆ. ಅಪ್ಪ ಒಂದು ಮಾತು ಹೇಳಲಿಲ್ಲ. ನೀನೂ ಹೇಳಲಿಲ್ಲ. ನಾನು ಕಿತ್ತು ಹಾಕಿಸುವಾಗ ಅಂಗಳದಲ್ಲಿ ಕೂತು ನೋಡುತ್ತಿದ್ದೆಯಲ್ಲ, ಆಗಲಾದರೂ ಒಂದು ಮಾತು ಅನ್ನಬಾರದಿತ್ತೆ? ಮಗನ ಕೆಲಸಕ್ಕೆ ಅಡ್ಡ ಬರಬಾರದು ಅಂದುಕೊಂಡೆಯೋ, ನನಗೆ ಗೊತ್ತಿದ್ದೇ ಮಾಡುತ್ತಿದ್ದೇನೆ ಅಂದುಕೊಂಡೆಯೋ? ಎರಡನೆಯದಾಗಿದ್ದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಸೊರಬದಿಂದ ಬರುವಾಗ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ, ಏನೋ ಮರೆತು ಬಂದ ಹಾಗಾಗಿತ್ತು. ಜೇಬು ಮುಟ್ಟಿಕೊಂಡರೆ ಪುಸ್ತಕ, ಟೇಪು, ಪೆನ್ನು ಎಲ್ಲಾ ಇದ್ದವು.

ಶಾಂತವೀರಪ್ಪನವರ ಕೆಲಸ ನಿಂತಲ್ಲೇ ನಿಂತಿದೆ. ಎರಡು ಕಂಬದ ಅಳತೆಯನ್ನೂ ಹಾಗೇ ಕಳಿಸಿ, ಯಾವುದು ಬೇಕು ಹೇಳಿ ಎಂದೆ. ‘ನಿನಗೆ ತಲೆ ಕೆಟ್ಟೈತೇನು’ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇರಲಿ. ರಮ್ಯನಿಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸು. ಅಶ್ವಿನಿ ಪರೀಕ್ಷೆಗೆ ಚೆನ್ನಾಗಿ ಓದಲಿ. ಎಣ್ಣೆಯನ್ನು ಬಿಸಿ ಮಾಡಿ ಹಚ್ಚು, ಮಲಗುವ ಮುಂಚೆ ಕಾಲಿಗೆ ಬಟ್ಟೆ ಸುತ್ತಿಕೋ. ನಿನ್ನ ಆಶೀರ್ವಾದ ನನ್ನ ಮೇಲೆ ಇನ್ನೂ ಇದೆ ಎಂದು ತಿಳಿದುಕೊಂಡು ಇಲ್ಲಿಗೆ ಮುಗಿಸುತ್ತೇನೆ.

ಇಂತಿ ನಿನ್ನ ಮಗ,
ಚನ್ನೇಶ

ಮರೆತಿದ್ದೆ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಅಶ್ವಿನೀ, ಇದನ್ನು ನಿಧಾನವಾಗಿ ಓದು. ಗ್ರಾನೈಟ್ ಹೊಸ್ತಿಲನ್ನು ಶುಕ್ರವಾರ ಒಡೆಸಿ ಹಾಕಿದೆ. ಈಗ ನಮ್ಮ ಮನೆಗೆ ಹೊಸ್ತಿಲೇ ಇಲ್ಲ. ರಂಗೋಲಿ ಎಲ್ಲಿ ಹಾಕಲಿ ಎಂದು ಸುಮಾ ಬೆಳಗ್ಗೆ ಬೆಳಗ್ಗೆ ಜಗಳ ತೆಗೆಯುವುದು ಇದಕ್ಕೇ. ಅಪ್ಪನ ಹೊಸ್ತಿಲನ್ನೇ ಮತ್ತೆ ಕೂರಿಸಬೇಕು, ಆದರೆ ನಾನು ಟೈಲ್ಸ್ ಹಾಕಿ ನೆಲ ಎತ್ತರಿಸಿಬಿಟ್ಟಿದ್ದೇನೆ, ಅಪ್ಪನ ಲೆಕ್ಕ ಈಗ ಹೊಂದುವುದಿಲ್ಲ. ತಗ್ಗು ಇನ್ನೆಷ್ಟು ಇಳಿಸಬೇಕೆಂದು ದೇವರಾಜರನ್ನು ಕೇಳಿದೆ. “ಆ ಕಾಲು ಬರ್ಲಿ, ಆಮೇಲೆ ಉಳಿ ಹಿಡಿತೀನಿ” ಎಂದರು. ಆ ಗ್ರಾನೈಟ್ ಎಡವಿ ನಿನ್ನ ಕೈಯ ಹಾಲು ಚೆಲ್ಲಿದ ದಿನ ಅಷ್ಟು ಜನರ ಎದುರಿಗೆ ‘ನೋಡ್ಕಂಡು ಕಾಲಿಡಬಾರ್ದೇನು’ ಎಂದು ನಿನ್ನ ಮೇಲೆ ಕೂಗಿದೆನಲ್ಲ, ಆ ಮಾತು ಒಂಬತ್ತು ತಿಂಗಳ ಮೇಲೆ ನನಗೇ ಈಗ ಕೇಳಿಸುತ್ತಿದೆ. ತಪ್ಪು ನಿನ್ನ ಕಾಲಿನದಲ್ಲವ್ವಾ. ಭಾನುವಾರ ಬೆಳಗ್ಗೆ ಕಾರು ತರುತ್ತೇನೆ, ದೇವರಾಜರೂ ಉಳಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ನಿನ್ನ ಎಡಗಾಲಿನ ಚಪ್ಪಲಿ ತರಿಸಿದರೆ ಸಾಕಾ ಎಂದು ಮೊದಲೇ ಕೇಳಿ ನೋಡಿದ್ದೇನೆ. ಸಾಕಾಗುವುದಿಲ್ಲವಂತೆ.