ಹೊಗೆ ಅಲ್ಲಿ, ಗಿಡ ಇಲ್ಲಿ

ಮನೋಳಿ
೧೬ ಜುಲೈ ೨೦೨೫

ಪ್ರೀತಿಯ ನಮ್ಮ ಮನೆಯವರಿಗೆ ಗಂಗಾಳ ಶರಣು.

ಆರೋಗ್ಯ ಹೇಗಿದೆ? ಹೋದ ತಿಂಗಳು ನೀವಿರುವ ಕೊಲ್ಲಿ ದೇಶದ ಆಕಾಶದಲ್ಲಿ ಕ್ಷಿಪಣಿ ಹಾರಿದ್ದನ್ನು ಟಿವಿಯಲ್ಲಿ ಕಂಡಾಗಿನಿಂದ ನಿಮ್ಮ ಅವ್ವನಿಗೆ ಊಟ ಸೇರುತ್ತಿಲ್ಲ. ಎಣ್ಣೆ ಇರುವ ನೆಲದ ಮೇಲೆ ಎಲ್ಲ ದೇಶಗಳ ಕಣ್ಣು ಎಂದು ನೀವು ಹೇಳುತ್ತಿದ್ದಿರಿ. ಈಗ ನಮ್ಮ ಗುಡ್ಡದ ಹೊಲದ ಮೇಲೂ ಕಣ್ಣು ಬಿದ್ದಿದೆ. ಫೋನಿನಲ್ಲಿ ಏನು ಕೇಳಿದರೂ ನಕ್ಕು ಮಾತು ತೇಲಿಸಿಬಿಡುತ್ತೀರಿ. ಅದಕ್ಕೇ ರಜೆ ಮುಗಿಸಿ ಹೊರಟಿರುವ ನಿಮ್ಮ ಜೊತೆಗಾರ ಕಲ್ಮೇಶನ ಕೈಯಲ್ಲಿ ಈ ಕಾಗದ.

ಸೋಮವಾರ ಸಂದೀಪ ಎಂಬ ಏಜೆಂಟ ಬಂದಿದ್ದ. “ಅಕ್ಕಾರ, ನಿಮ್ಮ ಗುಡ್ಡದ ಹೊಲಾ ಖಾಲಿ ಬಿದ್ದೈತಿ. ನಾವು ಗಿಡಾ ಹಚ್ಚತೇವ್ರಿ. ಮೂವತ್ತು ವರ್ಷ ಕಡಿಯಂಗಿಲ್ಲ, ಕುರಿ ಬಿಡಂಗಿಲ್ಲ. ವರ್ಷಾ ರೊಕ್ಕ ಬರತೈತಿ” ಎಂದ. ಆಗಲೂ ಅಲ್ಲಿ ಪಕ್ಕದ ಮನೆ ಶಟ್ಟೆವ್ವನ ಕುರಿಗಳು ಮೇಯುತ್ತಿದ್ದವು. ಆದರೂ ಅವನಿಗೆ ಖಾಲಿ! ಅವನ ಟೊಪ್ಪಿಗೆಯ ಮೇಲೆ ಗಿಡುಗನ ಗುರುತು ಇತ್ತು, ನಿಮ್ಮ ಎಣ್ಣೆ ಕಂಪನಿಯ ಅಂಗಿಯ ಮೇಲಿರುವುದೇ. “ಎಣ್ಣಿ ತಗಿಯೋರು ಗಿಡಾ ಯಾಕ ಹಚ್ಚತಾರ್ರಿ?” ಎಂದು ಕೇಳಿದೆ. “ಅಲ್ಲಿ ಬಿಟ್ಟ ಹೊಗಿ ಇಲ್ಲಿ ಗಿಡಾ ಹೀರತಾವ್ರಿ, ಸಮ ಆತಲ್ಲ?” ಎಂದ. ಹಾಗಾದರೆ ಎಣ್ಣೆ ತೆಗೆಯುವುದನ್ನು ಕಡಿಮೆ ಮಾಡುತ್ತಾರೇನು ಎಂದರೆ, “ಅದ್ಹೆಂಗ್ರಿ? ಗಿಡಾ ಹಚ್ಚಿದ ಮ್ಯಾಲ ಇನ್ನಷ್ಟು ತಗೀಬಹುದು” ಎಂದು ಬಾಯಿತಪ್ಪಿ ಅಂದುಬಿಟ್ಟ. ಒಳಗಿನಿಂದ ನಿಮ್ಮ ಅವ್ವ, “ಹೊಗಿ ಅವರದು, ಹೊಲಾ ಯಾಕ ನಮ್ದು?” ಎಂದರು.

ಹವಾಮಾನ ಉಳಿಸಲು ಸೇರುವ ದೊಡ್ಡ ಸಭೆಗಳಲ್ಲೂ ಎಣ್ಣೆ ಮಾರುವವರೇ ಬಂದು ಕೂರುತ್ತಾರೆ, ಅವರನ್ನು ಏಳಿ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ ಎಂದು ನೀವೇ ಹೇಳಿದ್ದಿರಲ್ಲ. ಅಂಥವರು ನಮ್ಮ ತುಂಡು ಹೊಲದ ತನಕ ಬಂದರೆ ಸಂಶಯ ಬಾರದಿರುತ್ತದೆಯೇ? ಮನೆಯವರನ್ನು ಕೇಳಿ ಹೇಳುತ್ತೇನೆಂದು ಅವನನ್ನು ಸಾಗಹಾಕಿದೆ.

ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಶೇಂಗಾ ಚಟ್ನಿ ಕಳಿಸಿದ್ದೇನೆ, ಕಲ್ಮೇಶನಿಗೂ ಕೊಡಿ. ನಿಮ್ಮ ಅವ್ವನ ಹರಕೆ ನಿಮ್ಮನ್ನು ಕಾಯಲಿ.

ನಿಮ್ಮ
ಗಂಗಾ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಅಂಜಿದ್ದು. ಕಾರು ಹತ್ತುವಾಗ ಸಂದೀಪ, “ನಿಮ್ಮ ಮನಿಯವರೇ ಈ ಹೊಲಾ ತೋರಿಸ್ಯಾರ್ರಿ. ಹಂಗ ತೋರಿಸಿದವರ ನೌಕರಿ ಗಟ್ಟಿ” ಎಂದ. ಹೊಲ ನಿಮ್ಮ ಅವ್ವನ ಹೆಸರಿನಲ್ಲಿದೆ. ಸಹಿ ಮಾಡಬೇಡಿರಿ ಎಂದಷ್ಟೇ ಅವರಿಗೆ ಹೇಳಿದ್ದೇನೆ, ನಿಮ್ಮ ಹೆಸರು ಎತ್ತಿಲ್ಲ. ಅವನ ಮಾತು ಸುಳ್ಳಾಗಿದ್ದರೆ ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ. ಯಾರೂ ಒಪ್ಪದಿದ್ದರೂ ನಿನ್ನೆ ಗಿಡ ಹಚ್ಚಲು ಗುಂಡಿ ತೋಡುವವರು ಬಂದರು. ನಾನೂ ಶಟ್ಟೆವ್ವನೂ ಅಡ್ಡ ನಿಂತು ತಿರುಗಿ ಕಳಿಸಿದೆವು. ನಾಳೆ ಅವರ ಜೊತೆ ನೀವೇ ಬಂದರೂ ನಾನು ಅಲ್ಲೇ ನಿಂತಿರುತ್ತೇನೆ.