ಬೇಕೆಂದೂ ಬೇಡವೆಂದೂ

ಶಿಕಾರಿಪುರ
೧೪-೫-೧೯೫೮, ಬುಧವಾರ

ಚಿ. ಸೌ. ನಿರ್ಮಲಳಿಗೆ, ನಿನ್ನ ಅತ್ತೆ ರಾಜೇಶ್ವರಮ್ಮ ಮನಸಾರೆ ಹರಸಿ ಬರೆಯುವುದು.

ನಾನೂ ಶಿವಮೂರ್ತಿಯೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಬೀಗರ ಕೆಮ್ಮು ಕಡಿಮೆಯಾಯಿತೇ? ನಮ್ಮ ನೀಲಾ ಏನು ಮಾಡುತ್ತಾಳೆ? ಹೋದ ವರ್ಷದ ಜ್ವರ ಅವಳ ಬಲಗಾಲಿನ ಶಕ್ತಿಯನ್ನೆಲ್ಲ ಹೀರಿಕೊಂಡು ಹೋದ ಮೇಲೆ, ಸೊರಬದಲ್ಲಿ ಎಣ್ಣೆ ತೀಡುವವರು ಒಳ್ಳೆಯವರಿದ್ದಾರೆ ಎಂದು ನೀನು ಅವಳನ್ನು ತವರಿಗೆ ಕರೆದುಕೊಂಡು ಹೋದದ್ದು ಮೊನ್ನೆ ಮೊನ್ನೆ ಎಂದುಕೊಂಡಿದ್ದೆ. ನೋಡಿದರೆ ದೀಪಾವಳಿ ಹೋಗಿ ಯುಗಾದಿಯೂ ಹೋಯಿತು. ತೀಡುವಾಗ ಮಗು ಅಳುತ್ತಾಳೆ ಎಂದು ಬರೆದಿದ್ದೆ. ಅದು ನೋವಿನ ಅಳುವೋ ಸಿಟ್ಟಿನ ಅಳುವೋ ಬರೆದಿರಲಿಲ್ಲ. ಸಿಟ್ಟಿನದಾದರೆ ನನಗೆ ಸಂತೋಷ. ಕ್ಯಾಸನೂರಿನ ಕಡೆ ಇನ್ನೂ ಮಂಗಗಳು ಸತ್ತು ಬೀಳುತ್ತಿವೆ ಎಂದು ಇಲ್ಲಿ ಸುದ್ದಿ. ಸೌದೆಗೆಂದು ಯಾರನ್ನೂ ಕಾಡಿನ ಕಡೆ ಕಳಿಸಬೇಡಿರಿ. ನಮ್ಮ ಬೀದಿಯ ತಿಮ್ಮಮ್ಮ ಮೊನ್ನೆ ಬಂದು, ನೀಲಾಳಿಗೆ ಬಂದದ್ದೂ ಮಂಗನ ಕಾಯಿಲೆಯೇ ಅಲ್ಲವೇ ಎಂದು ಕೇಳಿದಳು. ಅಲ್ಲ ಎಂದೆ. ಹಾಗಾದರೆ ಯಾವುದು ಎಂದಳು. ಕೇಳಿ ತಿಳಿದಿದ್ದ ಹೆಸರು ಆಗ ನೆನಪಿಗೆ ಬರಲಿಲ್ಲ. ಅವಳು ಹೋದ ಮೇಲೆ ನನಗೇ ಅನುಮಾನ ಹತ್ತಿತು. ಈಚೆಗೆ ಹೀಗೇ ಆಗಿದೆ, ನನಗೆ ಗೊತ್ತಿದೆ ಎಂದುಕೊಂಡದ್ದನ್ನು ಯಾರಾದರೂ ತಿರುಗಿಸಿ ಕೇಳಿದರೆ ಗೊತ್ತಿಲ್ಲದ ಹಾಗೆ ಆಗಿಬಿಡುತ್ತದೆ.

ಈಗ ಇಲ್ಲಿ ನಡೆದ ಒಂದು ಸಂಗತಿ ಬರೆಯಬೇಕು. ಮೊದಲಿನಿಂದ ಬರೆಯುತ್ತೇನೆ, ಇಲ್ಲವಾದರೆ ನನಗೇ ಸಿಕ್ಕಾಗುತ್ತದೆ. ನಮ್ಮ ಅಕ್ಕಿ ಮಿಲ್ಲಿನ ಪಕ್ಕದಲ್ಲಿ ಹಿಂದೆ ಹತ್ತಿ ಬಿಡಿಸುತ್ತಿದ್ದ ಆ ಉದ್ದನೆಯ ಹಂಚಿನ ಕಟ್ಟಡ ಇದೆಯಲ್ಲ, ಪಾರಿವಾಳ ಬಿಟ್ಟರೆ ಯಾರೂ ಇಲ್ಲದ್ದು, ಅದನ್ನು ಮಕ್ಕಳ ಚಿಕಿತ್ಸಾ ಕೇಂದ್ರ ಮಾಡುವುದಕ್ಕೆ ಒಬ್ಬ ಡಾಕ್ಟರಮ್ಮ ಬಂದಿದ್ದಾರೆ. ಹೆಸರು ವರದಮ್ಮ. ಬಿಳಿ ಸೀರೆ, ಕಾಲಿಗೆ ಗಂಡಸರು ಹಾಕುವಂಥ ಚಪ್ಪಲಿ. ಜ್ವರ ಬಂದು ಕೈಕಾಲು ಸೋತ ಮಕ್ಕಳನ್ನು ಅಲ್ಲಿ ಇಟ್ಟುಕೊಂಡು, ಬಿಸಿನೀರಿನಲ್ಲಿ ಕಾಲು ಆಡಿಸಿ, ಕಬ್ಬಿಣದ ಪಟ್ಟಿಯ ಬೂಟು ಕಟ್ಟಿ, ನಡೆಯಲು ಕಲಿಸುತ್ತಾರಂತೆ. ಕಟ್ಟಡದ ಯಜಮಾನರು ಒಪ್ಪಿದ್ದಾರೆ. ಆದರೆ ಪುರಸಭೆ ಒಪ್ಪಬೇಕು. ಯಾಕೆಂದರೆ ನಮ್ಮ ಮಿಲ್ಲು, ಹೂವಪ್ಪನ ಎಣ್ಣೆ ಗಿರಣಿ, ಹಂಚಿನ ಭಟ್ಟಿ ಇರುವ ಆ ಜಾಗವನ್ನು ಪುರಸಭೆಯ ನಕ್ಷೆಯಲ್ಲಿ ಗೆರೆ ಎಳೆದು ಕಾರ್ಖಾನೆಗಳಿಗೆ ಎಂದು ಬೇರೆ ಮಾಡಿಟ್ಟಿದ್ದಾರಂತೆ. ಅಲ್ಲಿ ವಾಸದ ಮನೆ ಕೂಡದು, ಶಾಲೆ ಕೂಡದು ಎಂದು ಬರೆದಿದೆಯಂತೆ. ಆಸ್ಪತ್ರೆಯ ಮಾತೇ ಬರೆದಿಲ್ಲವಂತೆ. ಬರೆದಿಲ್ಲವಾದ್ದರಿಂದ ಕೂಡದು ಎಂದು ಕೆಲವರು, ಬರೆದಿಲ್ಲವಾದ್ದರಿಂದ ಕೂಡುತ್ತದೆ ಎಂದು ಕೆಲವರು. ಮಕ್ಕಳು ರಾತ್ರಿ ಮಲಗುವುದರಿಂದ ಅದು ಮನೆ, ಪಾಠ ಹೇಳುವುದರಿಂದ ಶಾಲೆ ಎಂದು ಹೂವಪ್ಪನ ವಾದ. ಎರಡು ಕಡೆಯವರ ಮಾತೂ ಕೇಳುವಾಗ ಸರಿ ಎನಿಸುತ್ತದೆ, ಅದೇ ನನ್ನ ಕಷ್ಟ.

ನಿನ್ನ ಮಾವನವರು ತೀರಿಕೊಂಡ ಮೇಲೆ ಮಿಲ್ಲಿನ ಖಾತೆ ನನ್ನ ಹೆಸರಿಗೆ ಇರುವುದು ನಿನಗೆ ಗೊತ್ತು. ಶಿವಮೂರ್ತಿ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಾನೆ, ನಾನು ತೋರಿಸಿದಲ್ಲಿ ಸಹಿ ಹಾಕುತ್ತೇನೆ. ಹೋದ ತಿಂಗಳು ನಾನು ಹಪ್ಪಳದ ಹಿಟ್ಟು ಕುಟ್ಟಿಸುತ್ತಿದ್ದಾಗ ಅವನು ಒಂದು ಕಾಗದ ತಂದು ಹಿಡಿದ. ಕೈ ಒರೆಸಿಕೊಂಡು ಹಾಕಿದೆ. ಅದಾದ ಮೇಲೆ ಒಂದು ಸಂಜೆ ಈ ವರದಮ್ಮ ಮನೆಗೇ ಬಂದರು. ಪಕ್ಕದ ಜಾಗದವರು ತಕರಾರಿಲ್ಲ ಎಂದು ಬರೆದುಕೊಡಬೇಕಂತೆ. ಕೂರಿಸಿ ಮಜ್ಜಿಗೆ ಕೊಟ್ಟೆ. ಅವರು ಹೆಚ್ಚು ಮಾತಾಡುವವರಲ್ಲ. ಈ ಕಾಯಿಲೆಗೆ ಪೋಲಿಯೋ ಎನ್ನುತ್ತಾರೆ, ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಕಾಲು ಪೂರ್ತಿ ಮೊದಲಿನಂತೆ ಆಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಆದರೆ ಬೇಗ ಬಂದರೆ ಮಕ್ಕಳು ತಾವೇ ಎದ್ದು ಓಡಾಡುವ ಹಾಗೆ ಮಾಡಬಹುದು ಎಂದರು. ನಾನು ನೀಲಾಳ ಸುದ್ದಿ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಈಗಲೂ ತಿಳಿಯದು. ನಾಲಿಗೆಯ ತುದಿಗೆ ಬಂದಿತ್ತು, ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದೆ. ಕಾಗದವನ್ನು ಅವರಿಂದಲೇ ಓದಿಸಿ ಕೇಳಿ, ಸಹಿ ಹಾಕಿದೆ.

ಮೊದಲು ಹಾಕಿದ ಕಾಗದದಲ್ಲಿ ಏನಿತ್ತೋ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮೊನ್ನೆ ಸೋಮವಾರ. ಪುರಸಭೆಯ ಜವಾನ ಬಂದು, ಅಧ್ಯಕ್ಷರು ನಿಮ್ಮನ್ನು ಸಭೆಗೆ ಕರೆಯುತ್ತಾರೆ ಎಂದ. ಗಾಬರಿಯಾಯಿತು. ಮಿಲ್ಲಿನಲ್ಲಿ ಏನಾದರೂ ಅನಾಹುತವಾಯಿತೋ ಎಂದುಕೊಂಡು ಉಟ್ಟ ಸೀರೆಯಲ್ಲೇ ಹೊರಟೆ. ಹೋಗಿ ನೋಡಿದರೆ ಉದ್ದನೆಯ ಮೇಜಿನ ಸುತ್ತ ಗಂಡಸರು, ಒಂದು ಮೂಲೆಯಲ್ಲಿ ವರದಮ್ಮ, ಗೋಡೆಯ ಬೆಂಚಿನ ಮೇಲೆ ನಮ್ಮ ಶಿವಮೂರ್ತಿ. ನನ್ನನ್ನು ಕಂಡು ಅವನ ಮುಖ ಹೇಗಾಯಿತೆಂದರೆ, ನಾನು ಬರಬಾರದಿತ್ತೇನೋ ಎನಿಸಿತು. ಅಧ್ಯಕ್ಷರು ಸದಾಶಿವಪ್ಪನವರು ಒಳ್ಳೆಯ ಮನುಷ್ಯರು, ನಿನ್ನ ಮಾವನವರ ಜೊತೆ ಓದಿದವರು. ಕುರ್ಚಿ ಹಾಕಿಸಿದರು. ಎರಡು ಕಾಗದಗಳನ್ನು ಎತ್ತಿ ಹಿಡಿದು, "ಅಮ್ಮಾರೆ, ಬೇಡ ಅಂತನೂ ನಿಮ್ಮ ಸಹಿ ಐತೆ, ಬೇಕು ಅಂತನೂ ನಿಮ್ಮ ಸಹಿ ಐತೆ. ಯಾವ್ದು ಇಟ್ಕೊಳ್ಳಾನ ಹೇಳ್ರಿ" ಎಂದರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಆದರೂ ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಶಿವಮೂರ್ತಿ ತಂದದ್ದು ತಕರಾರಿನ ಅರ್ಜಿ ಎಂದು ಆಗ ತಿಳಿಯಿತು. ಅವನ ಕಡೆ ನೋಡಿದೆ. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಮಗನನ್ನು ನಾಲ್ಕು ಜನರ ಎದುರು ಸಣ್ಣವನನ್ನಾಗಿ ಮಾಡಬೇಕೇ? ಕೇಂದ್ರ ಬೇಡ ಎನ್ನಬೇಕೇ? ಎರಡೂ ನನ್ನಿಂದ ಆಗದ ಕೆಲಸ. ಕೊನೆಗೆ ಬಾಯಿಗೆ ಬಂದದ್ದು ಇಷ್ಟು: "ಎರಡೂ ನನ್ನವೇ ರೀ. ಒಂದು ಓದದೇ ಹಾಕಿದ್ದು, ಇನ್ನೊಂದು ಕೇಳಿ ಹಾಕಿದ್ದು. ಕೇಳಿ ಹಾಕಿದ್ದನ್ನ ಇಟ್ಕೊಳ್ಳಿ."

ಅಷ್ಟಕ್ಕೇ ಮುಗಿಯಿತು ಎಂದುಕೊಂಡರೆ ಹೂವಪ್ಪ ಎದ್ದು ನಿಂತ, ಅವನೂ ಪುರಸಭೆಯ ಸದಸ್ಯನಲ್ಲವೇ. ಅವನು ಮಂಗನ ಕಾಯಿಲೆಯ ಮಾತೆತ್ತಿದ, ಡಾಕ್ಟರಮ್ಮ ಅದಕ್ಕೆ ಉತ್ತರ ಕೊಟ್ಟರು. ನಾಳೆ ಇವರೇ ನಮ್ಮ ಎಂಜಿನ್ನುಗಳ ಸದ್ದು ಹೆಚ್ಚಾಯಿತು ಎಂದು ಅರ್ಜಿ ಕೊಟ್ಟು ಗಿರಣಿ ಮುಚ್ಚಿಸುತ್ತಾರೆ ಎಂದ, ಹಾಗೆ ಮಾಡುವುದಿಲ್ಲ ಎಂದು ಬರೆದುಕೊಡುತ್ತೇನೆ ಎಂದರು. ಆಮೇಲೆ ಅವನು ನನ್ನ ಕಡೆಗೇ ತಿರುಗಿ, ನಿಮ್ಮ ಮಿಲ್ಲಿನ ಉಮಿಯ ಧೂಳು ಆ ಕಟ್ಟಡದ ಮೇಲೆಯೇ ಬೀಳುತ್ತದೆ, ಮೊದಲೇ ಸೋತ ಮಕ್ಕಳ ಎದೆಗೆ ಅದು ಹೋದರೆ ಯಾರು ಹೊಣೆ ಎಂದ. ನಿರ್ಮಲಾ, ಆ ಮಾತು ಸುಳ್ಳಲ್ಲ. ನೀನೂ ಮಿಲ್ಲಿಗೆ ಬುತ್ತಿ ತಂದುಕೊಟ್ಟಾಗ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಬರುತ್ತಿದ್ದೆ. ನಾನು ಒಳ್ಳೆಯದೆಂದು ಹಾಕಿದ ಸಹಿ ಮಕ್ಕಳಿಗೆ ಕೆಟ್ಟದ್ದು ಮಾಡುತ್ತದೆಯೋ, ಇವನು ಕೆಟ್ಟ ಮನಸ್ಸಿನಿಂದ ಕೇಳಿದರೂ ಕೇಳಿದ್ದು ನ್ಯಾಯವೋ? ಅಷ್ಟರಲ್ಲಿ ವರದಮ್ಮ ಎದ್ದರು. ದನಿ ಏರಿಸಲಿಲ್ಲ. "ಧೂಳು ಇರೋದು ನಿಜ ರೀ. ನಾನು ಮೊದಲು ಊರೊಳಗೇ ಕೇಳ್ದೆ, ಯಾವ ಬೀದೀಲೂ ಮನೆ ಕೊಡ್ಲಿಲ್ಲ. ಧೂಳಿಲ್ಲದ ಜಾಗ ನೀವೇ ತೋರಿಸ್ರಿ, ನಾಳೆನೇ ಅಲ್ಲಿಗೆ ಹೋಗ್ತೀನಿ" ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಟೆ ಬೀದಿಯಲ್ಲಿ ಖಾಲಿ ಬಿದ್ದಿರುವ ಛತ್ರದ ಹೆಸರನ್ನು ಯಾರೋ ಮೆಲ್ಲಗೆ ಎತ್ತಿದರು. ಆ ಹೆಸರು ಬಂದದ್ದೇ ತಡ, ಪೇಟೆ ಬೀದಿಯ ಸದಸ್ಯರು, ಮಿಲ್ಲಿನ ಹತ್ತಿರದ ಜಾಗವೇ ಎಲ್ಲ ರೀತಿಯಿಂದಲೂ ಸರಿ ಎಂದರು. ಮತ್ತೊಬ್ಬರು ಹೌದು ಎಂದರು. ಅಲ್ಲಿಯವರೆಗೆ ನಕ್ಷೆ, ಗೆರೆ, ಕಾನೂನು ಎಂದು ಬೆರಳು ಕುಟ್ಟುತ್ತಿದ್ದವರೆಲ್ಲ ಕೈ ಎತ್ತಿದರು. ಹೂವಪ್ಪನ ಮನೆ ಇರುವುದೂ ಪೇಟೆ ಬೀದಿಯಲ್ಲೇ ಅಲ್ಲವೇ? ಅವನೂ ಎತ್ತಿದ. ನಡುವೆ ಎತ್ತರದ ಗೋಡೆ ಕಟ್ಟಬೇಕು, ನಮ್ಮ ಮಿಲ್ಲಿನ ಉಮಿ ಬೀಳುವ ಕೊಳವೆಯನ್ನು ಹಳ್ಳದ ಕಡೆಗೆ ತಿರುಗಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆಯಾಯಿತು. ಕೊಳವೆ ತಿರುಗಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಅಧ್ಯಕ್ಷರು ಶಿವಮೂರ್ತಿಯನ್ನು ಕೇಳಿದರು. ತಕರಾರು ತಂದವನೇ ಅವನು, ಆದರೂ ಕೂತಲ್ಲಿಂದಲೇ ಆಗಲಿ ಎಂದು ತಲೆಯಾಡಿಸಿದ. ಎಲ್ಲರೂ ಒಳ್ಳೆಯದಾಯಿತು ಎಂದು ಎದ್ದರು. ವರದಮ್ಮ ನನ್ನ ಕೈ ಹಿಡಿದುಕೊಂಡರು. ನನಗೆ ಮಾತ್ರ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಮಕ್ಕಳಿಗೆ ಜಾಗ ಸಿಕ್ಕಿದ್ದು ಅವು ಬೇಕು ಎಂದಲ್ಲ, ತಮ್ಮ ಬಾಗಿಲಿಗೆ ಬಾರದಿರಲಿ ಎಂದು. ಕಾರಣ ಹಾಗಿದ್ದ ಮಾತ್ರಕ್ಕೆ ಆದ ಕೆಲಸ ಕೆಟ್ಟದ್ದೇ? ಒಳ್ಳೆಯದೇ ಇರಬೇಕು. ನೀನು ಓದಿದವಳು, ಯೋಚಿಸಿ ಬರೆ.

ಮನೆಗೆ ಬರುವಾಗ ಶಿವಮೂರ್ತಿಯ ಜೊತೆ ಬರೋಣ ಎಂದು ಹಿಂದಿನ ಬಾಗಿಲಿನ ಕಡೆ ಹೋದೆ. ಅವನು ಅಲ್ಲಿ ಹುಣಸೆಮರದ ಕೆಳಗೆ ಡಾಕ್ಟರಮ್ಮನವರನ್ನು ನಿಲ್ಲಿಸಿಕೊಂಡಿದ್ದ. ಜಗಳವಾಡುತ್ತಾನೋ ಎಂದು ಹೆದರಿದೆ. ಅವನು ನೆಲ ನೋಡಿಕೊಂಡು, "ಎಷ್ಟು ವಯಸ್ಸಿನ ಮಕ್ಕಳನ್ನ ತಗೊಳ್ತೀರಿ? ನಾಲ್ಕು ತುಂಬಿದ್ರೆ ತಡ ಆಯ್ತಾ?" ಎಂದು ಕೇಳುತ್ತಿದ್ದ. ತಡವಾಗಿಲ್ಲ, ಮಳೆಗಾಲ ಹಿಡಿಯುವ ಮೊದಲು ಕರೆತಂದರೆ ಒಳ್ಳೆಯದು ಎಂದರು ಅವರು. ನಾನು ಹಾಗೇ ಹಿಂದೆ ಸರಿದು ಒಬ್ಬಳೇ ಮನೆಗೆ ಬಂದೆ. ಊಟಕ್ಕೆ ಬಡಿಸುವಾಗ, ಆ ತಕರಾರು ಯಾಕೆ ಬರೆದೆ ಎಂದು ಕೇಳಿದೆ. ತಟ್ಟೆಯ ಅನ್ನ ಕಲಸುತ್ತ ಕೂತ. ಆಮೇಲೆ, "ದಿನಾ ಮಿಲ್ಲಿನ ಬಾಗ್ಲಾಗೆ ನಿಂತು ಅಂಥ ಮಕ್ಕಳನ್ನ ನೋಡಕ್ಕೆ ನನ್ ಕೈಲಿ ಆಗಲ್ಲವ್ವ" ಎಂದ. ಇದಕ್ಕೂ ಅದಕ್ಕೂ ಹೇಗೆ ಹೊಂದಿಸಲಿ? ನೋಡಲಾರೆ ಎನ್ನುವವನೂ ಅವನೇ, ತಡವಾಯಿತೇ ಎಂದು ಕೇಳಿದವನೂ ಅವನೇ. ನೀನು ಹೋದ ಮೇಲೆ ಅವನು ಸೊರಬಕ್ಕೆ ಬಂದದ್ದು ಒಂದೇ ಸಲ ಎಂದು ನಿನಗೆ ಬೇಸರವಿದೆ, ಬಲ್ಲೆ. ಮಗಳ ಮೇಲೆ ಪ್ರೀತಿ ಇಲ್ಲವೆಂದು ನಾನೂ ಒಳಗೊಳಗೇ ತಿಳಿದಿದ್ದೆ. ಅದು ಹಾಗಲ್ಲವೇನೋ. ಹೆತ್ತವಳಾಗಿಯೂ ಅವನ ಒಳಗು ನನಗೆ ಪೂರ್ತಿ ಕಾಣುವುದಿಲ್ಲ.

ನಿನ್ನೆಯಿಂದ ಮಿಲ್ಲಿನಲ್ಲಿ ಕೊಳವೆ ಬಿಚ್ಚುವ ಕೆಲಸ ನಡೆದಿದೆ. ಬೀಗರಿಗೂ ಬೀಗಿತ್ತಿಗೂ ನನ್ನ ಶರಣು ಹೇಳು. ನೀಲಾಳ ಎರಡು ಕೆನ್ನೆಗೂ ನನ್ನ ಮುತ್ತು. ನಿನಗೆ ಬಸವಣ್ಣ ಗಟ್ಟಿ ಮನಸ್ಸು ಕೊಡಲಿ, ಅದರಲ್ಲಿ ಒಂದಿಷ್ಟು ನನಗೂ ಇರಲಿ.

ನಿಮ್ಮಿಬ್ಬರ ದಾರಿ ನೋಡುತ್ತಿರುವ ನಿನ್ನ ಅತ್ತೆ,
ರಾಜೇಶ್ವರಮ್ಮ

ಕಾಗದ ಮಡಚಿದ ಮೇಲೆ ಬರೆದದ್ದು: ಶಿವಮೂರ್ತಿ ಈಗ ಬಂದು, ಸೋಮವಾರ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋಗುತ್ತೇನೆ, ಅಲ್ಲಿ ಭತ್ತ ನೋಡಬೇಕು ಎಂದ. ಮಿಲ್ಲಿನ ಕೊಳವೆ ಬಿಚ್ಚಿಟ್ಟುಕೊಂಡು ಭತ್ತ ಯಾಕೆ ಎಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ಬೀಗರ ಜೊತೆ ಜಗಲಿಯಲ್ಲಿ ಭತ್ತದ ಧಾರಣೆ ಮಾತಾಡಿ, ಹಾಗೆಯೇ ಎದ್ದು ಬಂದರೂ ಬಂದಾನು. ಅವನು ಕರೆಯಲಿ ಎಂದು ಕಾಯುತ್ತ ಕೂರಬೇಡ. ಜ್ವರ ಬಿಟ್ಟಂದಿನಿಂದ ಅವನು ಮಗುವನ್ನು ಎತ್ತಿಕೊಂಡದ್ದನ್ನು ನಾನು ಕಾಣೆ. ಬಟ್ಟೆಯ ಗಂಟು ನೀನು ಹಿಡಿದುಕೊ. ನೀಲಾಳನ್ನು ಅವನ ಕೈಗೆ ಕೊಟ್ಟು, ಹಿಂದೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಮುಂದೆ ಮುಂದೆ ನಡೆ.